ಸರ್ವರ್ ಡೌನ್ ಅಂದ್ರೆ ಏನು? ಕಡತ, ಕಿರ್ದಿ ಮತ್ತು ಕರೆಂಟು ಹೋದ ಕತೆ

ಕರ್ನಾಟಕದಲ್ಲಿ ಯಾವ ಕಚೇರಿಗೆ ಹೋದರೂ ಒಂದಲ್ಲ ಒಂದು ದಿನ ಕಿವಿಗೆ ಬೀಳುವ ಮಾತು ಇದು: "ಸರ್ವರ್ ಡೌನ್ ಇದೆ, ನಾಳೆ ಬನ್ನಿ." ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋಕೆ ನಿಂತಾಗ, ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಕಾದಾಗ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಾಕ್ಷಿಗಳನ್ನೂ ಕರ್ಕೊಂಡು ಹೋಗಿ ಕೂತಾಗ. ಹೇಳೋರಿಗೂ ಅಭ್ಯಾಸ ಆಗಿದೆ, ಕೇಳೋರಿಗೂ ಅಭ್ಯಾಸ ಆಗಿದೆ.

ಆದರೆ ಈ ಒಂದೇ ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಸರ್ವರ್ ಚೆನ್ನಾಗೇ ಇದೆ, ಬಾಗಿಲಲ್ಲಿ ಜನ ಜಾಸ್ತಿ. ಎರಡು, ಸರ್ವರ್ ಹ್ಯಾಂಗ್ ಆಗಿದೆ, ಅಂದರೆ ಒಳಗೆ ಯಾವುದಕ್ಕೋ ಕಾಯ್ತಾ ಕೂತಿದೆ. ಮೂರು, ಒಳಗಿರುವ ಕಡತಗಳ ಲೆಕ್ಕವೇ ತಪ್ಪಿದೆ. ಮೊದಲನೆಯದಾದರೆ ನಾಳೆ ಬಂದರೆ ಕೆಲಸ ಆಗುತ್ತೆ. ಮೂರನೆಯದಾದರೆ ನಾಳೆ ಬಂದಾಗ ನಿಮ್ಮ ದಾಖಲೆ ಅಲ್ಲಿ ಇರದೇ ಹೋಗಬಹುದು. ಈ ಮೂರನ್ನು ಬಿಡಿಸಿ ನೋಡೋದನ್ನ ಮನುಷ್ಯರು ಹೇಗೆ ಕಲಿತರು ಅನ್ನೋದೇ ಇವತ್ತಿನ ಕತೆ. ಕಂಪ್ಯೂಟರ್ ಸೈನ್ಸ್ ಓದಿದವರು ಇದನ್ನು ಬೇರೆ ಥರ ಹೇಳ್ತಾರೆ. ನಾನು ಬಿ.ಕಾಂ. ಹಾಗಾಗಿ ಲೆಕ್ಕದ ಪುಸ್ತಕದಿಂದ ಹೊರಡ್ತೀನಿ. ನಿಜ ಹೇಳಬೇಕಂದ್ರೆ ಈ ಕತೆಗೆ ಅದೇ ಸರಿಯಾದ ದಾರಿ ಅಂತ ನನ್ನ ವಾದ.

ಮೊದಲನೆಯ ಕಾಯಿಲೆಯನ್ನ ಬೇಗ ಮುಗಿಸಿಬಿಡೋಣ. ಅದಕ್ಕೆ ಇತ್ತೀಚಿನ ಉದಾಹರಣೆ ಕಾವೇರಿ. ನದಿ ಅಲ್ಲ, ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ತಂತ್ರಾಂಶ. 2003ರಿಂದ ಇದ್ದ ಹಳೆಯ ಕಾವೇರಿಯ ಜಾಗಕ್ಕೆ 2023ರಲ್ಲಿ ಕಾವೇರಿ 2.0 ಬಂತು. 2025ರ ಆರಂಭದಲ್ಲಿ ಅದು ಕುಂಟೋಕೆ ಶುರುವಾಗಿ ಫೆಬ್ರವರಿ ಮೊದಲ ವಾರ ಆಸ್ತಿ ನೋಂದಣಿಗೇ ಪೆಟ್ಟು ಬಿತ್ತು. ಇದು ಡಿಡಾಸ್ ದಾಳಿ, ನಕಲಿ ಖಾತೆಗಳನ್ನು ತೆರೆದು ಯಂತ್ರಗಳ ಮೂಲಕ ಇ.ಸಿ. ಹುಡುಕಾಟದ ಕೋರಿಕೆಗಳನ್ನು ಸುರಿದಿದ್ದಾರೆ ಅಂತ ಸರ್ಕಾರ ಹೇಳಿತು, ಪೊಲೀಸ್ ದೂರೂ ಆಯ್ತು. ಇಂಥ ದಾಳಿಯಲ್ಲಿ ಬಾಗಿಲಿಗೆ ನೂಕುನುಗ್ಗಲು ಆಗುತ್ತೆ, ಒಳಗಿನ ಪುಸ್ತಕದ ಹಾಳೆ ಹರಿಯೋದಿಲ್ಲ. ನೂಕುನುಗ್ಗಲು ಕರಗಿದರೆ ಪುಸ್ತಕ ಇದ್ದ ಹಾಗೇ ಇರುತ್ತೆ.

ನನಗೆ ಹೆಚ್ಚು ಕುತೂಹಲ ಇರೋದು ಪುಸ್ತಕ ಹರಿಯೋದರ ಬಗ್ಗೆ.

ಕನ್ನಡದಲ್ಲಿ ಫೈಲ್‌ಗೆ ನಾವು ಕಡತ ಅಂತೀವಿ. ವಿಧಾನಸೌಧದಲ್ಲಿ ಕಡತ ವಿಲೇವಾರಿ ಅನ್ನೋ ಮಾತು ಕೇಳಿರ್ತೀರಿ. ಆದರೆ ಮೂಲದಲ್ಲಿ ಕಡತ ಅಂದರೆ ರಟ್ಟಿನ ಫೈಲೂ ಅಲ್ಲ, ಟ್ಯಾಗ್ ಹಾಕಿದ ಕಾಗದದ ಕಟ್ಟೂ ಅಲ್ಲ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಹಿಂದೆ ಮುಂದೆ ಮಡಚಿದರೆ ಅದು ಕಡತ. ಕಪ್ಪು ಹಲಗೆಯನ್ನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಹಾಗೆ. ಬರೆಯೋದು ಬಳಪದಲ್ಲಿ. ವ್ಯಾಪಾರಿಗಳು ಲೆಕ್ಕ ಬರೆದರು, ಮಠಗಳು ಆಡಳಿತದ ದಾಖಲೆ ಬರೆದವು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಆಧಾರವಾಗಿ ಬಳಸ್ತಾರೆ.

ಈ ಕಡತದ ವಿಶೇಷ ಏನಂದ್ರೆ, ಅಳಿಸಿ ಮತ್ತೆ ಬರೆಯಬಹುದು. ಕಲ್ಲಿನ ಶಾಸನಕ್ಕೆ ಆ ಸೌಕರ್ಯ ಇಲ್ಲ, ತಾಳೆಗರಿಗೂ ಇಲ್ಲ. ಶಾಸನ ಒಂದು ಸಲ ಕೆತ್ತಿದರೆ ಮುಗೀತು, ನಮ್ಮ ಭಾಷೆಯಲ್ಲಿ ಅದು ರೀಡ್-ಓನ್ಲಿ. ಕಡತ ನಮ್ಮ ಮೊದಲ ರೀ-ರೈಟಬಲ್ ಡಿಸ್ಕ್. ಅಳಿಸಿ ಬರೆಯುವ ಸೌಕರ್ಯ ಬಂದ ಕೂಡಲೇ ಅದರ ಜೊತೆಗೆ ಒಂದು ಅಪಾಯವೂ ಬರುತ್ತೆ. ಹಳೆಯದನ್ನು ಅಳಿಸಿಯಾಗಿದೆ, ಹೊಸದನ್ನು ಇನ್ನೂ ಬರೆದಿಲ್ಲ, ಅಷ್ಟರಲ್ಲಿ ಯಾರೋ ಕರೆದರು. ಆ ನಡುವಿನ ಕ್ಷಣದಲ್ಲಿ ಹಳೆಯ ಸತ್ಯವೂ ಇಲ್ಲ, ಹೊಸ ಸತ್ಯವೂ ಇಲ್ಲ. ಫೈಲ್ ಸಿಸ್ಟಮ್ ಕೆಡೋದು ಅಂದರೆ ಮುಕ್ಕಾಲು ಪಾಲು ಇದೇ.

ಅಂಗಡಿಯವರು ಇದಕ್ಕೆ ಎಂದೋ ಒಂದು ಉಪಾಯ ಕಂಡುಕೊಂಡಿದ್ದರು. ಹಳೆಯ ಕಾಲದ ಮಂಡಿ, ಜವಳಿ ಅಂಗಡಿಗಳಲ್ಲಿ ಎರಡು ಪುಸ್ತಕ. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ವ್ಯವಹಾರ ನಡೆದ ಕೂಡಲೇ, ನಡೆದ ಕ್ರಮದಲ್ಲೇ ಬರೆಯೋದು: ಇವತ್ತು ಇಂಥವರಿಂದ ಇಷ್ಟು ಬಂತು, ಇಂಥವರಿಗೆ ಇಷ್ಟು ಹೋಯ್ತು. ಆಮೇಲೆ ಪುರುಸೊತ್ತು ಸಿಕ್ಕಾಗ ಒಂದೊಂದನ್ನೂ ಆಯಾ ಹೆಸರಿನ ಖಾತೆ ಪುಟಕ್ಕೆ ಏರಿಸೋದು. ಪಿಯುಸಿ ಅಕೌಂಟೆನ್ಸಿಯಲ್ಲಿ ಇದನ್ನೇ ನಮಗೆ ಜರ್ನಲ್ ಮತ್ತು ಲೆಡ್ಜರ್ ಅಂತ ಕಲಿಸಿದ್ರು. ಜರ್ನಲ್‌ನಿಂದ ಲೆಡ್ಜರ್‌ಗೆ ಪೋಸ್ಟಿಂಗ್. ಗುಮಾಸ್ತ ಅರ್ಧದಲ್ಲಿ ಎದ್ದು ಹೋದರೂ ಚಿಂತೆ ಇಲ್ಲ. ಮರುದಿನ ಬಂದವನು ಕಿರ್ದಿ ತೆಗೆದು, ಯಾವ ಸಾಲಿನವರೆಗೆ ಖಾತೆಗೆ ಏರಿದೆ ಅಂತ ನೋಡಿ, ಅಲ್ಲಿಂದ ಮುಂದುವರಿಸಿದರೆ ಆಯ್ತು. ನಾವು ಬೆಂಗಳೂರಿನವರು ಮನೆ ಖಾತೆ, ಈಗ ಇ-ಖಾತಾ ಅಂತ ಓಡಾಡ್ತೀವಲ್ಲ, ಅದೂ ಲೆಡ್ಜರಿನಲ್ಲಿ ಒಂದು ಪುಟವೇ. ನಗರಪಾಲಿಕೆಯ ತೆರಿಗೆ ಪುಸ್ತಕದಲ್ಲಿ ನಿಮ್ಮ ಹೆಸರಿನ ಪುಟ.

ಈ ಕಿರ್ದಿ-ಖಾತೆ ವಿಷಯವನ್ನ ಸ್ವಲ್ಪ ತಲೆಯಲ್ಲಿ ಇಟ್ಕೊಳ್ಳಿ. ಯಾಕಂದ್ರೆ ಕಂಪ್ಯೂಟರ್ ಮಾಡಿದವರು ಫೈಲ್ ಸಿಸ್ಟಮ್‌ಗಳಲ್ಲಿ ಇದನ್ನು ಅಳವಡಿಸೋಕೆ ಬಹಳ ವರ್ಷ ತಗೊಂಡರು.

ಡಿಸ್ಕಿನಲ್ಲಿ ಒಂದು ಹೊಸ ಫೈಲ್ ಸೇವ್ ಆಗೋದು ನಮಗೆ ಒಂದು ಕೆಲಸದ ಥರ ಕಾಣುತ್ತೆ. ಒಳಗೆ ಹಲವು ಬರವಣಿಗೆ ನಡೆಯುತ್ತೆ. ಖಾಲಿ ಪುಟಗಳ ಪಟ್ಟಿಯಲ್ಲಿ "ಈ ಪುಟ ಇನ್ನು ಖಾಲಿ ಅಲ್ಲ" ಅಂತ ಗುರುತು ಹಾಕಬೇಕು. ಆ ಪುಟದಲ್ಲಿ ವಿಷಯ ಬರೆಯಬೇಕು. ಯಾವ ಫೈಲಿಗೆ ಯಾವ ಪುಟಗಳು ಅನ್ನೋ ವಿವರವನ್ನ ಇನೋಡ್ ಅನ್ನೋ ಚೀಟಿಯಲ್ಲಿ ಬರೆಯಬೇಕು. ಕೊನೆಗೆ ಡೈರೆಕ್ಟರಿಯಲ್ಲಿ, ಅಂದರೆ ಪುಸ್ತಕದ ಮುಂದಿನ ಅನುಕ್ರಮಣಿಕೆಯಲ್ಲಿ, ಹೆಸರು ಸೇರಿಸಬೇಕು. ಗಮನಿಸಿ, ಫೈಲಿನ ಹೆಸರು ಇರೋದು ಅನುಕ್ರಮಣಿಕೆಯಲ್ಲಿ ಮಾತ್ರ, ಚೀಟಿಯಲ್ಲಿ ಇಲ್ಲ. ಇದು ಮುಂದೆ ಬೇಕಾಗುತ್ತೆ. ಈ ನಾಲ್ಕರ ನಡುವೆ ಎಲ್ಲಾದರೂ ಕರೆಂಟು ಹೋದರೆ? ಯಾವ ಫೈಲಿಗೂ ಸೇರದ ಪುಟ ಉಳಿಯಬಹುದು. ಒಂದೇ ಪುಟವನ್ನ ಎರಡು ಫೈಲುಗಳು ನಂದು ನಂದು ಅನ್ನಬಹುದು. ಹೆಸರು ಇದೆ, ಚೀಟಿ ಇಲ್ಲ. ಚೀಟಿ ಇದೆ, ಹೆಸರಿಲ್ಲ.

1970ರ ದಶಕದ ಯುನಿಕ್ಸ್ ಯಂತ್ರಗಳಲ್ಲಿ ಇದಕ್ಕೆ ಪರಿಹಾರ ಮನುಷ್ಯರ ತಾಳ್ಮೆ. ಯಂತ್ರ ಬಿದ್ದು ಎದ್ದ ಮೇಲೆ ಚಿಕ್ಕ ಚಿಕ್ಕ ಪ್ರೋಗ್ರಾಮುಗಳನ್ನು ಓಡಿಸಿ, ಏನು ತಪ್ಪಿದೆ ಅಂತ ನೋಡಿ, ಕೈಯಲ್ಲೇ ಸರಿಮಾಡಬೇಕಿತ್ತು. ಟೆಡ್ ಕೊವಾಲ್‌ಸ್ಕಿ ಅನ್ನೋರು ಈ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ಎಫ್‌ಎಸ್‌ಸಿಕೆ ಬರೆದರು. ಫೈಲ್ ಸಿಸ್ಟಮ್ ಚೆಕ್ ಅನ್ನೋದರ ಚುಟುಕು ರೂಪ. 1980ರ ದಶಕದಲ್ಲಿ ಬರ್ಕ್ಲಿಯ ಕರ್ಕ್ ಮೆಕ್‌ಕುಸಿಕ್ ಹೊಸ ಫೈಲ್ ಸಿಸ್ಟಮ್ ಕಟ್ಟಿದಾಗ ಅದಕ್ಕೆ ತಕ್ಕ ಹಾಗೆ ಇದನ್ನೂ ಬೆಳೆಸಿದರು. ಇದು ಮಾಡೋದು ಏನಂದ್ರೆ, ಇಡೀ ಪುಸ್ತಕದ ಪ್ರತಿ ಪುಟವನ್ನೂ, ಪ್ರತಿ ಚೀಟಿಯನ್ನೂ, ಅನುಕ್ರಮಣಿಕೆಯ ಪ್ರತಿ ಸಾಲನ್ನೂ ಒಂದಕ್ಕೊಂದು ತಾಳೆ ನೋಡೋದು. ಚೀಟಿ ಇದ್ದು ಹೆಸರಿಲ್ಲದ ಅನಾಥ ಫೈಲುಗಳನ್ನ ಲಾಸ್ಟ್ ಅಂಡ್ ಫೌಂಡ್ ಅನ್ನೋ ಫೋಲ್ಡರಿಗೆ ತಂದು ಹಾಕುತ್ತೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಕಳೆದುಹೋದ ಲಗೇಜು ತಂದಿಡುವ ಕೋಣೆ ಇದ್ದ ಹಾಗೆ.

ಕಾಮರ್ಸ್ ಓದಿದವರಿಗೆ ಇದು ಟ್ರಯಲ್ ಬ್ಯಾಲೆನ್ಸ್ ಅಂತ ಥಟ್ಟನೆ ಹೊಳೆಯುತ್ತೆ. ಜೊತೆಗೆ ಟ್ರಯಲ್ ಬ್ಯಾಲೆನ್ಸ್ ಬಗ್ಗೆ ಮೊದಲ ವರ್ಷವೇ ಹೇಳಿಕೊಡುವ ಎಚ್ಚರಿಕೆಯೂ ನೆನಪಾಗಬೇಕು: ಡೆಬಿಟ್ ಕ್ರೆಡಿಟ್ ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತ ಅಲ್ಲ. ಒಂದು ವ್ಯವಹಾರವನ್ನೇ ಬರೆಯದೆ ಬಿಟ್ಟಿದ್ದರೂ ತಾಳೆ ಆಗುತ್ತೆ. ರಾಮಣ್ಣನ ಖಾತೆಗೆ ಹೋಗಬೇಕಾದ್ದು ಭೀಮಣ್ಣನ ಖಾತೆಗೆ ಹೋಗಿದ್ದರೂ ತಾಳೆ ಆಗುತ್ತೆ. ಎಫ್‌ಎಸ್‌ಸಿಕೆ ಕೊನೆಗೆ "ಕ್ಲೀನ್" ಅಂದರೆ ಅರ್ಥ ಇಷ್ಟೇ, ಪುಸ್ತಕದ ಕಟ್ಟು ಸರಿಯಿದೆ. ಪುಟದೊಳಗಿನ ಮಾತು ನಿಜವೋ ಅಂತ ಅದಕ್ಕೆ ಗೊತ್ತಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಕಡೆ ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋಗ್ತಾರೆ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರು 1905ರಲ್ಲೇ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹತ್ತಿಸಿಕೊಂಡ ಊರು. ಹಾಗಂತ ಕರೆಂಟು ಯಾವತ್ತೂ ನೆಟ್ಟಗೆ ಇತ್ತು ಅಂತ ಅಲ್ಲ. ಕಂಪ್ಯೂಟರುಗಳು ಸಣ್ಣ ಆಫೀಸುಗಳಿಗೆ ಬಂದ ಕಾಲದಲ್ಲಿ ಲೋಡ್ ಶೆಡ್ಡಿಂಗ್ ಅನ್ನೋದು ಮನೆಮಾತು. ಆ ಕಾಲದಲ್ಲೇ, 1986ರಲ್ಲಿ, ಇದೇ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಅನ್ನೋ ಕಂಪನಿ ಶುರುಮಾಡಿದರು. ಅಪ್ಪನಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ತಂತ್ರಾಂಶ ಸಿಗಲಿಲ್ಲ, ಗಣಿತ ಓದಿದ್ದ ಮಗ ಬರೆದುಕೊಟ್ಟ. ಅದೇ ಮುಂದೆ ಟ್ಯಾಲಿ ಆಯ್ತು. ತಾಳೆಗೂ ಟ್ಯಾಲಿಗೂ ಕೇಳೋಕೆ ಅಣ್ತಮ್ಮ ಇದ್ದಂಗಿದೆ, ಅಲ್ವಾ? ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಟ್ಯಾಲಿ ಇಆರ್‌ಪಿ 9 ಬಳಸಿದವರಿಗೆ ಒಂದು ಗುಪ್ತ ಮಂತ್ರ ಗೊತ್ತಿರುತ್ತೆ: ಕಂಟ್ರೋಲ್, ಆಲ್ಟ್, ಆರ್. ರೀರೈಟ್. ದತ್ತಾಂಶ ಕೆಟ್ಟಿದೆ ಅನ್ನಿಸಿದಾಗ ಇಡೀ ಕಂಪನಿಯ ಲೆಕ್ಕವನ್ನ ಹೊಸದಾಗಿ ಬರೆದು ಜೋಡಿಸುವ ಆಜ್ಞೆ ಅದು. ಅದನ್ನು ಒತ್ತುವ ಮುಂಚೆ ಬ್ಯಾಕಪ್ ತಗೋಬೇಕು ಅನ್ನೋದು ಮೊದಲ ಪಾಠ. ರಿಪೇರಿ ಅನ್ನೋದು ಕೂಡ ಒಂದು ಬರವಣಿಗೆಯೇ, ಅದೂ ಅರ್ಧಕ್ಕೆ ನಿಲ್ಲಬಹುದು. ರಾಜಾಜಿನಗರ, ಪೀಣ್ಯದ ಸಣ್ಣ ಕಾರ್ಖಾನೆಗಳ ಲೆಕ್ಕಿಗರು ಯುಪಿಎಸ್‌ನ ಕೀ ಕೀ ಶಬ್ದ ಕೇಳಿದ ಕೂಡಲೇ ಊಟದ ಡಬ್ಬಿ ಬಿಟ್ಟು ಓಡಿ ಬರ್ತಿದ್ದದ್ದು ಸುಮ್ಮನೆ ಅಲ್ಲ.

ಡಿಸ್ಕುಗಳು ದೊಡ್ಡದಾದ ಹಾಗೆ ಇನ್ನೊಂದು ತಲೆನೋವು. ಎಫ್‌ಎಸ್‌ಸಿಕೆ ಇಡೀ ಪುಸ್ತಕ ಓದಬೇಕಲ್ಲ, ಪುಸ್ತಕ ದಪ್ಪ ಆದಷ್ಟೂ ಸಮಯ ಜಾಸ್ತಿ. ಅರ್ಧ ನಿಮಿಷ ಕರೆಂಟು ಹೋದರೆ ಸರ್ವರ್ ಮತ್ತೆ ಏಳೋಕೆ ಗಂಟೆಗಟ್ಟಲೆ. ಆಗ ಕಂಪ್ಯೂಟರಿನವರಿಗೆ ಅಂಗಡಿಯ ಕಿರ್ದಿ ನೆನಪಾಯ್ತು. ಅವರು ಅದನ್ನ ಕರೆದದ್ದೂ ಜರ್ನಲ್ ಅಂತಲೇ. ಡೇಟಾಬೇಸ್ ಜಗತ್ತಿನಲ್ಲಿ ಈ ವಿಚಾರ ಮುಂಚೆಯೇ ಇತ್ತು. ಐಐಟಿ ಮದ್ರಾಸಿನಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧ ಇದರ ದೊಡ್ಡ ಮೈಲಿಗಲ್ಲು. ಫೈಲ್ ಸಿಸ್ಟಮ್‌ಗಳಲ್ಲಿ 1990ರಲ್ಲಿ ಐಬಿಎಂನ ಜೆಎಫ್‌ಎಸ್, 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಎನ್‌ಟಿಎಫ್‌ಎಸ್, 1994ರಲ್ಲಿ ಎಕ್ಸ್‌ಎಫ್‌ಎಸ್ ಬಂದವು. ಬಡವರ ಮನೆಯ ಲಿನಕ್ಸ್‌ಗೆ ಸ್ಟೀಫನ್ ಟ್ವೀಡಿ 1998ರಲ್ಲಿ ಯೋಜನೆ ಬರೆದರು, 2001ರ ಕೊನೆಗೆ ಇಎಕ್ಸ್‌ಟಿ3 ರೂಪದಲ್ಲಿ ಅದು ಮುಖ್ಯ ಲಿನಕ್ಸ್‌ನೊಳಗೆ ಸೇರಿತು.

ವಿಧಾನ ನಮ್ಮ ಮಂಡಿ ಗುಮಾಸ್ತನದ್ದೇ. ಖಾಲಿ ಪಟ್ಟಿ, ಚೀಟಿ, ಅನುಕ್ರಮಣಿಕೆ, ಇವುಗಳಲ್ಲಿ ಏನೇನು ಬದಲಾಯಿಸ್ತೀನಿ ಅಂತ ಮೊದಲು ಜರ್ನಲ್‌ನಲ್ಲಿ ಬರೆದು ಕೆಳಗೆ ಸಹಿ ಹಾಕಿದ ಹಾಗೆ ಒಂದು ಗುರುತು. ಆಮೇಲೆ ನಿಜವಾದ ಜಾಗಗಳಿಗೆ ಏರಿಸೋದು. ನಡುವೆ ಕರೆಂಟು ಹೋದರೆ, ಎದ್ದ ಮೇಲೆ ಜರ್ನಲ್‌ನ ಕೊನೆಯ ಕೆಲವು ಸಾಲು ಓದೋದು. ಸಹಿ ಇದ್ದರೆ ಏರಿಸು, ಸಹಿ ಇಲ್ಲದಿದ್ದರೆ ಬಿಟ್ಟುಬಿಡು. ಗಂಟೆಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಭೂಮಿ ಯೋಜನೆ ನಡೀತಾ ಇತ್ತು. ಇದನ್ನು ಸ್ವಲ್ಪ ನಿಂತು ನೋಡಬೇಕು. ಅಲ್ಲೀವರೆಗೆ ಪಹಣಿ ಇದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ. ಲೆಕ್ಕಿಗ ಸಿಕ್ಕರೆ ಪಹಣಿ, ಸಿಗದಿದ್ದರೆ ಅಲೆದಾಟ, ಕೈ ಬಿಸಿ ಮಾಡದೆ ಕೆಲಸ ಆಗೋದು ಕಷ್ಟ ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕಚೇರಿಯ ಕಿಯಾಸ್ಕಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಅಧಿಕಾರಿ ಲಾಗಿನ್ ಆಗೋಕೆ ಬೆರಳಚ್ಚು ಕೊಡಬೇಕಿತ್ತು, ಯಾರು ಏನು ಬದಲಾಯಿಸಿದರು ಅಂತ ಗೊತ್ತಾಗಲಿ ಅಂತ. ಆ ತಾಲ್ಲೂಕಿನಲ್ಲಿ ಭೂಮಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಸಾರಿಬಿಟ್ಟಿತು.

ಆ ಕೊನೆಯ ತೀರ್ಮಾನ ನನಗೆ ದಿಟ್ಟ ಅನ್ನಿಸುತ್ತೆ, ಭಯವೂ ಆಗುತ್ತೆ. ಸಾವಿರಾರು ಕೈಗಳಲ್ಲಿ ಚದುರಿದ್ದ ದಾಖಲೆಯಲ್ಲಿ ಮೋಸ ಸುಲಭ, ಆದರೆ ಒಂದೇ ಏಟಿಗೆ ಎಲ್ಲವೂ ಹಾಳಾಗೋದು ಕಷ್ಟ. ಒಂದೇ ಸರ್ವರ್‌ನಲ್ಲಿ ಇಟ್ಟ ದಾಖಲೆ ಇದಕ್ಕೆ ಉಲ್ಟಾ. ಒಬ್ಬ ರೈತನಿಗೆ ಪಹಣಿ ಅಂದರೆ ಸೊಸೈಟಿ ಸಾಲ, ಬೆಳೆ ವಿಮೆ, ಮಗಳ ಮದುವೆಗೆ ಜಮೀನು ಅಡ ಇಡುವ ಅವಕಾಶ, ಅಣ್ಣ ತಮ್ಮಂದಿರ ವ್ಯಾಜ್ಯದಲ್ಲಿ ಕೈಯಲ್ಲಿರುವ ಒಂದೇ ಅಸ್ತ್ರ. ಅದು ಡಿಸ್ಕಿನ ಮೇಲಿನ ಕೆಲವು ಪುಟಗಳಾದ ದಿನದಿಂದ ಬ್ಯಾಕಪ್, ಯುಪಿಎಸ್, ಜರ್ನಲ್ ಇವೆಲ್ಲ ಕಂದಾಯ ಇಲಾಖೆಯ ವಿಷಯಗಳೂ ಆದವು. ಕಚೇರಿಯ ಬಾಗಿಲಲ್ಲಿ ನಿಂತವರಿಗೆ ಮಾತ್ರ ಇವ್ಯಾವುದೂ ಕಾಣೋದಿಲ್ಲ. ಅವರಿಗೆ ಕೇಳಿಸೋದು ಸರ್ವರ್ ಡೌನ್ ಅನ್ನೋದಷ್ಟೇ.

ಜರ್ನಲ್ ಬಂದ ಮೇಲೆ ಎಲ್ಲ ಸುಖ ಅಂದುಕೊಂಡ್ರಾ? 2009ರಲ್ಲಿ ಒಂದು ತಮಾಷೆಯ ಗಲಾಟೆ ಆಯ್ತು. ಇಎಕ್ಸ್‌ಟಿ3ರ ನಂತರ ಬಂದ ಇಎಕ್ಸ್‌ಟಿ4 ಬಳಸಿ ನೋಡ್ತಿದ್ದ ಉಬುಂಟು ಬಳಕೆದಾರರು ಕಂಪ್ಯೂಟರ್ ಫ್ರೀಜ್ ಆಗಿ ರೀಸ್ಟಾರ್ಟ್ ಮಾಡಿದ ಮೇಲೆ ನೋಡಿದರೆ, ಆಗತಾನೆ ಸೇವ್ ಮಾಡಿದ್ದ ಫೈಲುಗಳೆಲ್ಲ ಸೊನ್ನೆ ಬೈಟ್. ಹೆಸರಿದೆ, ಒಳಗೆ ಏನೂ ಇಲ್ಲ. ಕಾರಣ, ಇಎಕ್ಸ್‌ಟಿ4 ವೇಗಕ್ಕಾಗಿ ವಿಷಯವನ್ನ ಕೂಡಲೇ ಬರೆಯದೆ ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಳ್ತಿತ್ತು. ಅನುಭವಿ ಗುಮಾಸ್ತ ನಾಲ್ಕೈದು ವ್ಯವಹಾರ ತಲೆಯಲ್ಲಿ ಇಟ್ಟುಕೊಂಡು ಒಟ್ಟಿಗೆ ಬರೆಯುವ ಹಾಗೆ. ಅದನ್ನು ನೋಡಿಕೊಳ್ತಿದ್ದ ಟೆಡ್ ಸೋ ಅವರ ವಾದ, ನಿಯಮದ ಪ್ರಕಾರ ನಮ್ಮದು ಸರಿ, ಮುಖ್ಯವಾದ ಫೈಲನ್ನು ಈಗಲೇ ಡಿಸ್ಕಿಗೆ ಬರಿ ಅಂತ ಆ್ಯಪ್ ಬರೆದವರು ಕೇಳಬೇಕಿತ್ತು ಅನ್ನೋದು. ವಾದ ಸರಿ. ಆದರೂ ಜನರ ಸಂಕಟ ನೋಡಿ ಲಿನಕ್ಸ್ 2.6.30ರಲ್ಲಿ ಅದನ್ನು ತಿದ್ದಿದರು. ನಿಯಮ ನನ್ನ ಕಡೆ ಇದೆ ಅಂತ ಗೊತ್ತಿದ್ದೂ ತಿದ್ದಿಕೊಟ್ಟದ್ದು ನನಗೆ ಇಷ್ಟವಾದ ಭಾಗ. 2010ರ ನೆಕ್ಸಸ್ ಎಸ್ ಫೋನಿನಿಂದ ಆಂಡ್ರಾಯ್ಡ್ ಕೂಡ ಇಎಕ್ಸ್‌ಟಿ4 ಕಡೆಗೆ ಹೊರಳಿತು. ಹಾಗಾಗಿ ಈ ಎಪಿಸೋಡ್ ಕೇಳ್ತಿರುವ ನಿಮ್ಮ ಫೋನಿನೊಳಗೂ ಇದೇ ಇಎಕ್ಸ್‌ಟಿ4 ಅಥವಾ ಸ್ಯಾಮ್‌ಸಂಗ್ 2012ರಲ್ಲಿ ತಂದ ಎಫ್2ಎಫ್‌ಎಸ್ ಇರುವ ಸಾಧ್ಯತೆ ಬಹಳ.

ಡಿಸ್ಕೇ ಸುಳ್ಳು ಹೇಳಿದರೆ ಏನು ಗತಿ ಅನ್ನೋದು ಕೊನೆಯ ಪ್ರಶ್ನೆ. 2007ರಲ್ಲಿ ಜಿನೀವಾದ ಸರ್ನ್ ವಿಜ್ಞಾನಿಗಳು ಸಾವಿರಾರು ಯಂತ್ರಗಳಲ್ಲಿ ಗೊತ್ತಿರುವ ವಿಷಯವನ್ನೇ ಬರೆದು, ವಾಪಸ್ ಓದಿ ನೋಡಿದರು. ಕೆಲವು ಕಡೆ ಬರೆದದ್ದು ಒಂದು, ಓದಿದಾಗ ಬಂದದ್ದು ಇನ್ನೊಂದು. ಎರರ್ ಮೆಸೇಜೂ ಇಲ್ಲ. ಸನ್ ಕಂಪನಿ 2005ರಲ್ಲಿ ಹೊರಗೆ ಬಿಟ್ಟ ಝಡ್‌ಎಫ್‌ಎಸ್ ಇದಕ್ಕೆ ಉತ್ತರ ಕೊಟ್ಟಿತ್ತು: ಪ್ರತಿ ಪುಟಕ್ಕೂ ಒಂದು ಚೆಕ್‌ಸಮ್, ಓದುವಾಗಲೆಲ್ಲ ಅದನ್ನು ತಾಳೆ ನೋಡು, ತಪ್ಪಿದ್ದರೆ ಇನ್ನೊಂದು ಪ್ರತಿಯಿಂದ ಸರಿಮಾಡು. ಇನ್ನೊಂದು ಪ್ರತಿ ಇಲ್ಲದಿದ್ದರೆ ತಪ್ಪಾಗಿದೆ ಅಂತ ಹೇಳಬಹುದು, ಅಷ್ಟೇ.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನಿಸಿದರೆ, ನಮ್ಮ ಚಂದ್ರಾ ಲೇಔಟಿನ ಒಂದು ಆಡಿಟರ್ ಆಫೀಸಿನ ಕತೆ ಹೇಳ್ತೀನಿ. ಅಲ್ಲಿ ನನ್ನ ಗೆಳೆಯ ಕೆಲಸ ಮಾಡ್ತಾನೆ. ಒಂದು ಹಳೆಯ ಡೆಸ್ಕ್‌ಟಾಪಿಗೆ ಉಬುಂಟು ಹಾಕಿ ಇಡೀ ಆಫೀಸಿನ ಫೈಲ್ ಸರ್ವರ್ ಮಾಡಿಕೊಂಡಿದ್ದರು. ಕ್ಲೈಂಟುಗಳ ಲೆಕ್ಕ, ಪಾಲುದಾರಿಕೆ ಪತ್ರ, ಆಸ್ತಿ ಪತ್ರಗಳ ಸ್ಕ್ಯಾನು ಎಲ್ಲ ಅದರಲ್ಲೇ. ಸೆಪ್ಟೆಂಬರ್ ಕೊನೆ, ಟ್ಯಾಕ್ಸ್ ಆಡಿಟ್ ಗಡುವಿನ ವಾರ. ರಾತ್ರಿ ಗುಡುಗು ಮಳೆ, ಕರೆಂಟು ಹೋಗಿ ಬಂದು ಹೋಗಿ ಬಂದು. ಬೆಳಿಗ್ಗೆ ಫೋನು: "ಮಗಾ, ಸರ್ವರ್ ಇಪ್ಪತ್ತು ನಿಮಿಷಕ್ಕೊಂದು ಸಲ ಹ್ಯಾಂಗ್ ಆಗ್ತಿದೆ. ಸಾರ್ ತಲೆ ಮೇಲೆ ಕೈ ಇಟ್ಕೊಂಡು ಕೂತವ್ರೆ. ಬಾ."

ಹೋಗಿ ನೋಡಿದರೆ ಆಫೀಸಿನಲ್ಲಿ ಎರಡು ಪಕ್ಷ. ಒಬ್ಬರು ಮೆಮೊರಿ ಸಾಲ್ತಿಲ್ಲ, ರ್‍ಯಾಮ್ ಹಾಕ್ಸಿ ಅಂತ. ಇನ್ನೊಬ್ಬರು ಕರೆಂಟು ಹೋಗಿ ಫೈಲ್ ಸಿಸ್ಟಮ್ ಕರಪ್ಟ್ ಆಗಿದೆ, ಈಗಲೇ ಎಫ್‌ಎಸ್‌ಸಿಕೆ ಓಡಿಸಿ, ಎಲ್ಲ ಪ್ರಶ್ನೆಗೂ ಎಸ್ ಕೊಡಿ ಅಂತ. ನಾವು ಮೊದಲು ಸುಮ್ಮನೆ ನೋಡಿದ್ವಿ. ಸರ್ವರ್ ಹ್ಯಾಂಗ್ ಆದಾಗಲೂ ಪಿಂಗ್‌ಗೆ ಉತ್ತರ ಬರ್ತಿತ್ತು. ಅಂದರೆ ಯಂತ್ರಕ್ಕೆ ಜೀವ ಇದೆ. ಆದರೆ ಲಾಗಿನ್ ಆಗ್ತಿಲ್ಲ. ಮೊದಲೇ ತೆರೆದಿಟ್ಟಿದ್ದ ಕಿಟಕಿಯಲ್ಲಿ ನೋಡಿದರೆ ಪ್ರೊಸೆಸರ್ ಖಾಲಿ ಕೂತಿದೆ, ಮೆಮೊರಿ ಬೇಕಾದಷ್ಟಿದೆ, ಪ್ರೋಗ್ರಾಮುಗಳೆಲ್ಲ ಡಿ ಅನ್ನೋ ಸ್ಥಿತಿಯಲ್ಲಿ ಸಾಲಾಗಿ ನಿಂತಿವೆ. ಡಿ ಅಂದರೆ ಡಿಸ್ಕಿನ ಉತ್ತರಕ್ಕೆ ಕಾಯ್ತಿದೆ, ಕೊಂದರೂ ಸಾಯೋದಿಲ್ಲ ಅನ್ನುವ ಸ್ಥಿತಿ. ರ್‍ಯಾಮ್ ಪಕ್ಷ ಅಲ್ಲಿಗೆ ಸೋತಿತು.

ಮಾನಿಟರ್ ಮೇಲೆ ಕರ್ನಲ್ ಬರೆದ ಸಾಲುಗಳು ಬಂದವು. ಈ ಕೆಲಸ 120 ಸೆಕೆಂಡಿಗಿಂತ ಹೆಚ್ಚು ಹೊತ್ತಿನಿಂದ ನಿಂತಿದೆ ಅಂತ ಮೊದಲು. ಆಮೇಲೆ ಡಿಸ್ಕಿನ ಇಂಥ ಸೆಕ್ಟರ್ ಓದೋಕೆ ಆಗ್ತಿಲ್ಲ ಅಂತ. ಕೊನೆಗೆ ಫೈಲ್ ಸಿಸ್ಟಮ್ಮನ್ನ ರೀಡ್-ಓನ್ಲಿ ಮಾಡ್ತಿದೀನಿ ಅಂತ. ಇದನ್ನೆಲ್ಲ ಫೋನಿನಲ್ಲಿ ಫೋಟೊ ಹೊಡ್ಕೊಂಡ್ವಿ. ಲಾಗ್ ಬರೆಯಬೇಕಾದ್ದೂ ಅದೇ ಡಿಸ್ಕಿಗೆ, ಅದಕ್ಕೇ ಬರೆಯೋಕೆ ಆಗ್ತಿಲ್ಲ, ಹಾಗಾಗಿ ರೀಸ್ಟಾರ್ಟ್ ಮಾಡಿದ ಮೇಲೆ ಲಾಗ್ ಫೈಲಿನಲ್ಲಿ ಹುಡುಕಿದರೆ ಏನೂ ಸಿಗಲ್ಲ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿ ತೆಗೆದರೆ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಪ್ರತಿ ಸಲ ನೋಡಿದಾಗಲೂ ಏರ್ತಾ ಇತ್ತು.

ಅಲ್ಲಿಗೆ ಕತೆ ಬಿಡಿಸಿಕೊಂಡಿತು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿಗೆ ಒಂದು ಸೆಕ್ಟರ್ ಓದೋಕೆ ಆಗದಿದ್ದರೆ ಅದು ಸುಲಭಕ್ಕೆ ಸೋಲು ಒಪ್ಪೋದಿಲ್ಲ, ಮತ್ತೆ ಮತ್ತೆ ಪ್ರಯತ್ನ ಮಾಡ್ತಾನೇ ಇರುತ್ತೆ. ಅಷ್ಟು ಹೊತ್ತು ಸರ್ವರ್ ಕಾಯುತ್ತೆ. ನಮಗೆ ಅದು ಹ್ಯಾಂಗ್. ಸಾಯ್ತಿರೋದು ಡಿಸ್ಕು. ಸಾಯ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ, ಓದಲಾಗದ ಪುಟಗಳನ್ನ ಅದು ಕೆಟ್ಟ ಲೆಕ್ಕ ಅಂದುಕೊಂಡು ತಿದ್ದೋಕೆ ಹೋಗಿ, ಇದ್ದದ್ದನ್ನೂ ಕಿತ್ತು ಹಾಕಬಹುದು. ಮನೆ ಕುಸೀತಿರುವಾಗ ಗೋಡೆಗೆ ಬಣ್ಣ ಹೊಡೆದ ಹಾಗೆ. ಎಫ್‌ಎಸ್‌ಸಿಕೆ ಪಕ್ಷದವರು ಇದನ್ನು ಒಪ್ಪೋಕೆ ಅರ್ಧ ಗಂಟೆ, ಎರಡು ಕಾಫಿ ಬೇಕಾಯ್ತು.

ಸಾರ್‌ಗೆ ಬೇಕಾಗಿದ್ದದ್ದು ಒಂದೇ ಮಾತು: "ಸಿಗುತ್ತಾ, ಇಲ್ವಾ?" ವಿಜಯನಗರದಿಂದ ಹೊಸ ಡಿಸ್ಕು ತಂದು, ಸರ್ವರ್ ನಿಲ್ಲಿಸಿ, ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಹಳೆಯ ಡಿಸ್ಕನ್ನ ಹೊಸದಕ್ಕೆ ನಕಲು ಮಾಡೋಕೆ ಬಿಟ್ವಿ. ಅದು ಬುದ್ಧಿವಂತ, ಸುಲಭವಾಗಿ ಸಿಗೋದನ್ನ ಮೊದಲು ಬಾಚಿಕೊಂಡು, ಕಷ್ಟದ ಸೆಕ್ಟರುಗಳಿಗೆ ಕೊನೆಯಲ್ಲಿ ವಾಪಸ್ ಬರುತ್ತೆ. ರಾತ್ರಿಯೆಲ್ಲ ಓಡಿತು. ಮರುದಿನ ನಕಲಿನ ಮೇಲೆ, ಮೂಲದ ಮೇಲಲ್ಲ, ಎಫ್‌ಎಸ್‌ಸಿಕೆಯನ್ನ ಮೊದಲು ಬರೀ ನೋಡು, ಏನೂ ತಿದ್ದಬೇಡ ಅಂತ ಓಡಿಸಿದ್ವಿ. ತಪ್ಪುಗಳ ಪಟ್ಟಿ ಓದಿದ ಮೇಲೆ ನಿಜವಾಗಿ ತಿದ್ದೋಕೆ ಬಿಟ್ವಿ. ಮಳೆಯ ರಾತ್ರಿ ಅರ್ಧಕ್ಕೆ ನಿಂತಿದ್ದ ಬರವಣಿಗೆಗಳನ್ನ ಜರ್ನಲ್ ಕ್ಷಣದಲ್ಲಿ ಮುಗಿಸಿತ್ತು. ಹೋದದ್ದು ಓದಲಾಗದ ಸೆಕ್ಟರುಗಳಲ್ಲಿದ್ದ ಪುಟಗಳು ಮಾತ್ರ. ಅದರಲ್ಲಿ ಒಂದು ಡೈರೆಕ್ಟರಿಯೂ ಇತ್ತು.

ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿನಲ್ಲಿ 37 ಫೈಲುಗಳು ಬಂದು ಬಿದ್ದಿದ್ದವು. ಹೆಸರೆಲ್ಲ ಹೋಗಿ ಒಂದೊಂದಕ್ಕೂ ಬರೀ ಒಂದು ಸಂಖ್ಯೆ. ಮುಂಚೆ ಹೇಳಿದ್ದೆನಲ್ಲ, ಹೆಸರು ಇರೋದು ಅನುಕ್ರಮಣಿಕೆಯಲ್ಲಿ ಮಾತ್ರ, ಆ ಪುಟವೇ ಹೋಗಿತ್ತು. ಕೆಲವು ಕ್ಲೈಂಟುಗಳ ಈ ವರ್ಷದ ಲೆಕ್ಕ ಪೆನ್‌ಡ್ರೈವ್ ಬ್ಯಾಕಪ್ಪಿನಿಂದ ಬಂತು. ಈ 37ಕ್ಕೆ ಬ್ಯಾಕಪ್ ಇರಲಿಲ್ಲ. ಗೆಳೆಯ, ಆಫೀಸಿನ ಹಿರಿಯ ಲೆಕ್ಕಿಗರು ಇಬ್ಬರೂ ಕೂತು ಒಂದೊಂದನ್ನೇ ತೆರೆದರು. "ಇದು ನಾಯಂಡಹಳ್ಳಿ ವರ್ಕ್‌ಶಾಪಿಂದು, ಪಾರ್ಟ್ನರ್‌ಶಿಪ್ ಡೀಡು." "ಇದು ಅತ್ತಿಗುಪ್ಪೆ ಮೇಡಂದು, ಮನೆ ಪತ್ರ." ಹಿರಿಯರು ಕ್ಲೈಂಟಿನ ಸಹಿ ನೋಡಿಯೇ ಹೇಳ್ತಿದ್ದರು, ಗೆಳೆಯ ಹೆಸರು ಹಾಕ್ತಿದ್ದ. ಸಂಜೆ ಹೊತ್ತಿಗೆ 34ಕ್ಕೆ ಹೆಸರು ಸಿಕ್ಕಿತ್ತು. ಉಳಿದ ಮೂರರಲ್ಲಿ ಎರಡು ತೆರೆಯಲೇ ಇಲ್ಲ. ಇನ್ನೊಂದು ಯಾರದ್ದೋ ಹಳೆಯ ಪಹಣಿಯ ಸ್ಕ್ಯಾನು, ಮೇಲಿನ ಅರ್ಧ ಸ್ಪಷ್ಟವಾಗಿದೆ, ಕೆಳಗಿನ ಅರ್ಧ ಬೂದು ಬಣ್ಣ. ಸರ್ವೆ ನಂಬರ್ ಕಾಣ್ತಿತ್ತು. ಅದನ್ನ ಹಿಡ್ಕೊಂಡು ಭೂಮಿಯಲ್ಲಿ ಹುಡುಕಿ, ಹೊಸ ಪಹಣಿ ತೆಗೆದು, ಅದರಲ್ಲಿದ್ದ ಹೆಸರು ನೋಡಿ ಯಾವ ಕ್ಲೈಂಟು ಅಂತ ಪತ್ತೆ ಮಾಡಿದರು.